ದಪ್ಪಕ್ಷರದ ಕನ್ನಡ ರೆಫರೆನ್ಸ್ ಬೈಬಲ್: ಒಂದು ವರ್ಷ ಮನೇಲಿ ಓದಿದ ಮೇಲೆ ಬರೀತಿದೀನಿ

ಅಮ್ಮನ ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಯ್ತು, ಆದ್ರೂ ಅವರ ಹಳೇ ಸತ್ಯವೇದದ ಅಕ್ಷರ ಮಾತ್ರ ಕಾಣ್ತಾ ಇರ್ಲಿಲ್ಲ. ಅದು ಅವರ ಮದುವೇಲಿ ಸಭೆಯವರು ಕೊಟ್ಟಿದ್ದು. ಮೊದಲನೇ ಹಾಳೇಲಿ ನಾವು ಮೂರು ಜನ ಮಕ್ಕಳು ಹುಟ್ಟಿದ ದಿನ, ದೀಕ್ಷಾಸ್ನಾನದ ದಿನ ಎಲ್ಲ ಅಪ್ಪನ ಅಕ್ಷರದಲ್ಲಿದೆ, ಅಪ್ಪ ತೀರಿಕೊಂಡ ದಿನ ಒಂದು ಅಮ್ಮನ ಅಕ್ಷರದಲ್ಲಿದೆ. ಭೂತಗನ್ನಡಿ ಇಟ್ಕೊಂಡು ಒಂದು ಕೀರ್ತನೆ ಓದೋಷ್ಟರಲ್ಲಿ ಅವರಿಗೆ ತಲೆನೋವು ಬಂದುಬಿಡೋದು. ಅದಕ್ಕೇ ಹೋದ ವರ್ಷ ಜನವರೀಲಿ ದಪ್ಪಕ್ಷರದ್ದು, ಪಕ್ಕದಲ್ಲಿ ರೆಫರೆನ್ಸ್ (ಅದೇ ವಿಷಯ ಬೈಬಲಲ್ಲಿ ಬೇರೆ ಎಲ್ಲೆಲ್ಲಿದೆ ಅನ್ನೋ ಸೂಚನೆ) ಇರೋದು, ಹಳೇ ಅನುವಾದದ್ದೇ ಬೇಕು ಅಂತ ಹುಡುಕಿ ತಂದೆ. ತಂದಿದ್ದು ಅಮ್ಮನಿಗೆ, ಆದ್ರೆ ಒಂದು ವರ್ಷದಲ್ಲಿ ಅದು ನನ್ನನ್ನೂ ಹಿಡ್ಕೊಂಡುಬಿಡ್ತು. ಅದಕ್ಕೇ ಈ ರಿವ್ಯೂ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತು ಮಾಡ್ಕೊಂಡು ಓದಿ.

ಮೊದಲು ಪುಸ್ತಕದ ವಿಷಯ ಹೇಳಿಬಿಡ್ತೀನಿ. ತೂಕ ಜಾಸ್ತಿ, ಎರಡು ಕೇಜಿಗೆ ಸ್ವಲ್ಪ ಕಡಿಮೆ ಇರಬಹುದು, ವಯಸ್ಸಾದವರು ಕೈಯಲ್ಲಿ ಹಿಡ್ಕೊಂಡು ಓದೋಕಾಗಲ್ಲ. ನಾನು ಬಡಗಿ, ಮೈಸೂರಲ್ಲಿ ಸಣ್ಣ ವರ್ಕ್‌ಶಾಪ್ ಇದೆ, ಹಾಗಾಗಿ ಉಳಿದ ತೇಗದ ತುಂಡಲ್ಲಿ ಒಂದು ವ್ಯಾಸಪೀಠ ಮಾಡಿಕೊಟ್ಟೆ, ಈಗ ಅಮ್ಮ ಮಂಚದ ಮೇಲೆ ಕೂತು ಓದ್ತಾರೆ. ಅಕ್ಷರ ನಿಜವಾಗ್ಲೂ ದಪ್ಪ, ಒತ್ತಕ್ಷರ ಕೂಡ ಬಿಡಿಬಿಡಿಯಾಗಿ ಕಾಣುತ್ತೆ. ಹೊಲಿಗೆ ಬೈಂಡಿಂಗ್, ಎಲ್ಲಿ ತೆಗೆದ್ರೂ ಚಪ್ಪಟೆಯಾಗಿ ಕೂರುತ್ತೆ, ಅದು ನನಗೆ ಬಹಳ ಇಷ್ಟ ಆಯ್ತು, ಬರೀ ಗೋಂದು ಹಾಕಿದ್ದು ಆಗಿದ್ರೆ ಇಷ್ಟೊತ್ತಿಗೆ ಹಾಳೆ ಕೈಗೆ ಬರ್ತಿತ್ತು. ಕಾಗದ ಮಾತ್ರ ತೆಳು, ಹಿಂದಿನ ಪುಟದ ಅಕ್ಷರ ಮುಂದೆ ಇಣುಕುತ್ತೆ, ಟ್ಯೂಬ್‌ಲೈಟ್ ಕೆಳಗೆ ಪರವಾಗಿಲ್ಲ, ಕಿಟಕಿ ಬೆಳಕಲ್ಲಿ ತೊಂದರೆ. ಯೇಸುವಿನ ಮಾತುಗಳು ಕೆಂಪು ಅಕ್ಷರದಲ್ಲಿವೆ, ಕೆಲವು ಪುಟದಲ್ಲಿ ಆ ಕೆಂಪು ಮಾಸಿದ ಹಾಗಿದೆ. ಜಿಪ್ ಕವರ್ ಚೆನ್ನಾಗಿದೆ, ಹಾಕುವಾಗ ಹುಷಾರು, ನಮ್ಮದರಲ್ಲಿ ಪ್ರಕಟನೆ ಅನ್ನೋ, ಬೈಬಲಿನ ಕೊನೇ ಪುಸ್ತಕದ ಕೊನೇ ಎರಡು ಹಾಳೆಯ ಅಂಚು ಜಿಪ್ಪಿಗೆ ಸಿಕ್ಕಿ ಹರಿದಿದೆ. ಇನ್ನೊಂದು, ಮೊದಲು ತಂದ ಕಾಪೀಲಿ ಯೆಶಾಯದ ಹದಿನಾರು ಪುಟ ಎರಡೆರಡು ಸಲ ಬೈಂಡ್ ಆಗಿತ್ತು, ಅಷ್ಟೇ ಪುಟ ಮುಂದೆ ಇರಲೇ ಇಲ್ಲ. ಅಂಗಡಿಯವರು ಏನೂ ಮಾತಾಡದೆ ಬದಲಾಯಿಸಿ ಕೊಟ್ರು. ನೀವು ಕೊಳ್ಳುವಾಗ ಅಲ್ಲೇ ನಿಂತು ಪುಟ ತಿರುವಿ ನೋಡ್ಕೊಂಡು ಬನ್ನಿ.

ಈಗ ಮುಖ್ಯ ವಿಷಯ. ನಮ್ಮ ಮನೇಲಿ ಮೊದಲಿಂದ ವಚನ ಅಂದ್ರೆ ಒಂದೊಂದು ವಾಕ್ಯ. ಡಿಸೆಂಬರ್ 31ರ ರಾತ್ರಿ ಆರಾಧನೇಲಿ ತಟ್ಟೆಯಿಂದ ವಾಗ್ದಾನದ ಕಾರ್ಡ್ ತಗೋತೀವಲ್ಲ, ಅದನ್ನ ವರ್ಷಪೂರ್ತಿ ಗೋಡೆಗೆ ಅಂಟಿಸಿಕೊಂಡಿರೋದು. ಕ್ಯಾಲೆಂಡರಲ್ಲಿ ತಿಂಗಳಿಗೊಂದು, ಫೋನಿಗೆ ಬೆಳಗ್ಗೆ ಒಂದು. ಅದು ತಪ್ಪು ಅಂತ ನಾನು ಯಾವತ್ತೂ ಹೇಳಲ್ಲ, ಅಪ್ಪ ಐಸಿಯೂನಲ್ಲಿದ್ದಾಗ ಆ ಒಂದು ಕಾರ್ಡಲ್ಲೇ ನಾವು ಹನ್ನೊಂದು ದಿನ ಕಳೆದಿದ್ದೀವಿ. ಆದ್ರೆ ವಾಕ್ಯದ ಹಿಂದೆ ಮುಂದೆ ಏನಿದೆ ಅಂತ ನಾನು ನೋಡಿದ್ದು ಬಹಳ ಕಡಿಮೆ. ವಾಕ್ಯಕ್ಕೆ ನಂಬರ್ ಹಾಕಿರೋದೇ ಎಷ್ಟೋ ಆಮೇಲೆ. ಈಗಿರೋ ಹೊಸ ಒಡಂಬಡಿಕೆಯ ವಾಕ್ಯದ ನಂಬರುಗಳು ರಾಬರ್ಟ್ ಎಸ್ತಿಯೆನ್ ಅನ್ನೋ ಮುದ್ರಕ 1551ರಲ್ಲಿ ಅಚ್ಚು ಹಾಕಿದ ಗ್ರೀಕ್ ಪ್ರತಿಯಿಂದ ಬಂದಿದ್ದು. ಅಪೊಸ್ತಲ ಪೌಲ ಬರೆದಿದ್ದು ನಂಬರ್ ಇಲ್ಲದ ಪತ್ರ, ಸಭೇಲಿ ಕೂತು ಮೊದಲಿಂದ ಕೊನೇವರೆಗೂ ಓದಿ ಕೇಳಿಸ್ಕೊಳ್ಳೋಕೆ.

ಹೋದ ವರ್ಷ ನನಗೆ ಬಂದ ಕಾರ್ಡ್ ಯೆರೆಮೀಯ 29:11, ಅಂದ್ರೆ ಪ್ರವಾದಿ ಯೆರೆಮೀಯನ ಪುಸ್ತಕದ 29ನೇ ಅಧ್ಯಾಯದ 11ನೇ ವಾಕ್ಯ. ಎಲ್ಲರಿಗೂ ಗೊತ್ತಿರೋದು, ದೇವರು ನಮ್ಮ ಬಗ್ಗೆ ಮಾಡೋದು ಕೇಡಿನ ಯೋಚನೆ ಅಲ್ಲ ಹಿತದ ಯೋಚನೆ, ನಮಗೆ ನಿರೀಕ್ಷೆ ಇರ್ಲಿ ಅಂತ. ನನಗೆ ಆಗ ಕೆಲಸ ಸರಿ ಇರ್ಲಿಲ್ಲ, ಈ ವರ್ಷ ಎಲ್ಲ ಸರಿಹೋಗುತ್ತೆ ಅಂತ ದೇವರೇ ಹೇಳಿದ ಹಾಗಾಯ್ತು ಅಂದ್ಕೊಂಡು ಖುಷಿಯಲ್ಲಿದ್ದೆ. ಬೈಬಲ್ ಬಂದ ಮೊದಲನೇ ವಾರ ಅಮ್ಮ, ನಿನ್ನ ಕಾರ್ಡಿನ ಅಧ್ಯಾಯಾನೇ ಓದು ಮಗಾ, ನಾನೂ ಕೇಳ್ತೀನಿ, ಅಂದ್ರು. ಓದಿದೆ. ಅದೊಂದು ಕಾಗದ. ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಯಾಗಿ ಹೋದವರಿಗೆ ಯೆರೆಮೀಯ ಯೆರೂಸಲೇಮಿಂದ ಬರೆದು ಕಳಿಸಿದ್ದು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿಕೊಳ್ಳಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನ ಸೆರೆ ಒಯ್ದ ಆ ಊರಿನ ಕ್ಷೇಮಕ್ಕೋಸ್ಕರ ಪ್ರಾರ್ಥನೆ ಮಾಡಿ ಅಂತ ಇದೆ. ಹತ್ತನೇ ವಾಕ್ಯದಲ್ಲಿ ಎಪ್ಪತ್ತು ವರ್ಷ ಆಗ್ಬೇಕು ಅಂತ ಇದೆ! ಹನ್ನೊಂದನೇ ವಾಕ್ಯ ಅದರ ಬೆನ್ನಿಗೇ ಬರೋದು. ಅಂದ್ರೆ ಆ ಕಾಗದ ಕೇಳಿಸ್ಕೊಂಡ ದೊಡ್ಡವರು ಬಹಳ ಜನ ವಾಪಸ್ ಊರು ನೋಡೋದೇ ಇಲ್ಲ. ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯ ಅನ್ನೋ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತೆ ಅಂತ ಹೇಳಿ ಯೆರೆಮೀಯನ ಹೆಗಲ ಮೇಲಿದ್ದ ನೊಗ ಮುರಿದು ಹಾಕ್ತಾನೆ, ಜನಕ್ಕೆ ಇಷ್ಟ ಆಗೋ ಮಾತು ಅದು, ಸುಳ್ಳು ಮಾತು. ನಾನು ಕಾರ್ಡ್ ಹಿಡ್ಕೊಂಡು ಯೆರೆಮೀಯನ ವಾಕ್ಯದಲ್ಲಿ ಹನನ್ಯನ ಮಾತನ್ನ ಕೇಳಿಸ್ಕೊಳ್ತಾ ಇದ್ದೆ ಅನ್ನಿಸ್ತು. ಅವತ್ತು ರಾತ್ರಿ ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ. ಆಮೇಲೆ ಅಮ್ಮ, ಇನ್ನೂ ಗಟ್ಟಿ ಆಯ್ತಲ್ಲೋ ವಾಗ್ದಾನ, ಎಪ್ಪತ್ತು ವರ್ಷ ಕಾಯಿಸಿದ್ರೂ ಮರೆಯಲ್ಲ ಅಂತ ಹೇಳಿದ್ದಾನಲ್ಲ, ಅಂದ್ರು.

ಆಮೇಲೆ ಮತ್ತಾಯ 11. ಅಲ್ಲಿ ಯೇಸು ಹೇಳೋ ಈ ವಾಕ್ಯ ನಮ್ಮ ಚರ್ಚ್ ಗೋಡೆ ಮೇಲೇ ಇದೆ, "ಎಲೈ ಕಷ್ಟಪಡುವವರೇ, ಹೊರೆಹೊತ್ತವರೇ, ನೀವೆಲ್ಲರೂ ನನ್ನ ಬಳಿಗೆ ಬನ್ನಿರಿ, ನಾನು ನಿಮಗೆ ವಿಶ್ರಾಂತಿಕೊಡುವೆನು." ಗೋಡೆ ಮೇಲೆ ಅಷ್ಟೇ ಬರೆದಿದ್ದಾರೆ, ಅದರ ಮುಂದಿನ ಮಾತೇ ನನ್ನ ನೊಗ ಹೊತ್ಕೊಂಡು ನನ್ನಲ್ಲಿ ಕಲ್ತುಕೊಳ್ಳಿ ಅಂತ. ಹೊರೆ ಇಳಿಸ್ತೀನಿ ಬಾ ಅಂತ ಕರೆದವನು ನೊಗ ಕೊಡ್ತಾನೆ. ನನ್ನ ಮಗಳು, ಇದ್ಯಾವ ವಿಶ್ರಾಂತಿ ಅಜ್ಜಿ, ಅಂತ ಕೇಳಿದ್ಲು. ಕೊನೇಲಿ ಹಳೇ ಅನುವಾದದಲ್ಲಿ ನನ್ನ ನೊಗವು ಮೃದುವಾದದ್ದು, ನನ್ನ ಹೊರೆಯು ಹೌರವಾದದ್ದು ಅಂತ ಇದೆ, ಹೌರ ಅಂದ್ರೇನು ಅಂತಾನೂ ಅವಳಿಗೆ ಗೊತ್ತಿಲ್ಲ, ಅಮ್ಮ ಹಗುರ ಕಣೇ ಅಂತ ಹೇಳಿಕೊಟ್ರು.

ನೊಗದ ವಿಷಯ ಮಾತ್ರ ನಾನು ಹೇಳಿದೆ. ನನ್ನ ತಾತ ಊರಲ್ಲಿ ನೇಗಿಲು ನೊಗ ಮಾಡ್ತಿದ್ರು, ಚಿಕ್ಕವನಿದ್ದಾಗ ನಾನು ಹತ್ರ ಕೂತು ನೋಡಿದ್ದೀನಿ. ಎತ್ತು ತಂದು ನಿಲ್ಲಿಸಿ ಹಗ್ಗದಲ್ಲಿ ಕತ್ತಿನ ಅಳತೆ ತಗೋತಿದ್ರು. ಹೆಗಲ ಮೇಲೆ ಕೂರೋ ಜಾಗಾನ ಬಾಚಿಯಲ್ಲಿ ಕೆತ್ತಿ, ಆಮೇಲೆ ಗಾಜಿನ ಚೂರಲ್ಲಿ ಹೆರೆದು ಹೆರೆದು ನುಣುಪು ಮಾಡಿ, ಕೊನೇಲಿ ತಮ್ಮ ಮುಂಗೈಯ ಒಳಭಾಗ ಅದರ ಮೇಲೆ ಎಳೆದು ನೋಡ್ತಿದ್ರು, ಎಲ್ಲಾದ್ರೂ ಸಿಬಿರು ಚುಚ್ಚಿದ್ರೆ ಮತ್ತೆ ಹೆರೆಯೋದು. ಸಿಬಿರು ಉಳಿದ್ರೆ ಎತ್ತಿನ ಕತ್ತು ಹುಣ್ಣಾಗುತ್ತೆ, ಹುಣ್ಣಾದ್ರೆ ಉಳುಮೆ ನಿಲ್ಲುತ್ತೆ. ಮೃದುವಾದ ನೊಗ ಅಂದ್ರೆ ನನಗೆ ತಾತನ ಆ ಮುಂಗೈ ಕಣ್ಣಿಗೆ ಬರುತ್ತೆ. ಮತ್ತೆ ನೊಗಕ್ಕೆ ಎರಡು ಎತ್ತು. ಹೊಸ ಎತ್ತನ್ನ ಪಳಗಿಸೋಕೆ ಹಳೇ ಎತ್ತಿನ ಜೊತೆ ಕಟ್ಟೋದು ರೈತರ ಪದ್ಧತಿ, ನನ್ನಲ್ಲಿ ಕಲಿಯಿರಿ ಅನ್ನೋ ಮಾತನ್ನ ನಾನು ಹಾಗೆ ತಗೊಂಡೆ. ಯೇಸು ಕೂಡ ಬಡಗಿ, ಮಾರ್ಕ 6:3ರಲ್ಲಿ ಊರಿನವರು ಹಾಗೇ ಕರೀತಾರೆ. ಇಷ್ಟು ವರ್ಷ ಅರ್ಧ ವಾಕ್ಯದಲ್ಲಿ ಬರೀ ಸಮಾಧಾನ ತಗೊಂಡಿದ್ದೆ, ಪೂರ್ತಿ ಓದಿದ ಮೇಲೆ ನಾಳೆ ಬೆಳಗ್ಗೆ ಎದ್ದು ಯಾವ ಕೆಲಸಕ್ಕೆ ಹೆಗಲು ಕೊಡ್ಬೇಕು ಅನ್ನೋ ಪ್ರಶ್ನೆ ಬಂತು.

ಆ ಪ್ರಶ್ನೆಗೆ ಉತ್ತರ ಯಾಕೋಬನ ಪತ್ರಿಕೇಲಿ ಸಿಕ್ತು, ಇದನ್ನ ಬರೆಯೋಕೆ ಮನಸ್ಸು ಹಿಂಜರೀತಿದೆ ಆದ್ರೂ ಬರೀತೀನಿ. ಹೋದ ವರ್ಷ ಒಬ್ಬರು ಗಿರಾಕಿ ಎರಡು ಬೆಡ್‌ರೂಮಿನ ವಾರ್ಡ್‌ರೋಬು, ಕಿಚನ್ನು ಎಲ್ಲ ಮಾಡಿಸ್ಕೊಂಡು ಬ್ಯಾಲೆನ್ಸ್ ಕೊಡದೆ ಆರು ತಿಂಗಳು ಓಡಾಡಿಸಿದ್ರು. ಪ್ಲೈವುಡ್ ಅಂಗಡೀಲಿ ಸಾಲ ನಿಂತಿತ್ತು. ಆ ಹೊತ್ತಲ್ಲಿ ನಾನು ಹಿಡ್ಕೊಂಡಿದ್ದ ವಾಕ್ಯ ಯಾಕೋಬ 5:7, ರೈತ ಮುಂಗಾರು ಹಿಂಗಾರು ಮಳೆಗೆ ತಾಳ್ಮೆಯಿಂದ ಕಾಯ್ತಾನಲ್ಲ ಹಾಗೆ ನೀವೂ ತಾಳ್ಮೆಯಿಂದಿರಿ ಅನ್ನೋದು. ಪ್ರಾರ್ಥನಾಕೂಟದಲ್ಲಿ ಸಾಕ್ಷಿ ಕೂಡ ಹೇಳಿದ್ದೆ. ಈ ಬೈಬಲಲ್ಲಿ ಯಾಕೋಬನ ಐದನೇ ಅಧ್ಯಾಯ ಪೂರ್ತಿ ಒಂದೇ ಪುಟದಲ್ಲಿ ಬಂದಿದೆ, ಏಳನೇ ವಾಕ್ಯ ಹುಡುಕೋಕೆ ಹೋದವನ ಕಣ್ಣಿಗೆ ನಾಲ್ಕನೇದು ಬಿತ್ತು. ನಿಮ್ಮ ಹೊಲ ಕೊಯ್ದ ಆಳುಗಳಿಗೆ ಕೊಡದೆ ಹಿಡಿದಿಟ್ಟ ಕೂಲಿ ಕೂಗ್ತಾ ಇದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಅಂತ. ಪಕ್ಕದ ಕಾಲಂನಲ್ಲಿ ಸಣ್ಣಕ್ಷರದಲ್ಲಿ ಯಾಜಕಕಾಂಡ 19:13, ಧರ್ಮೋಪದೇಶಕಾಂಡ 24:14, 15, ಮಲಾಕಿಯ 3:5 ಅಂತ ಇತ್ತು. ತೆಗೆದು ನೋಡಿದೆ. ಧರ್ಮೋಪದೇಶಕಾಂಡದಲ್ಲಿ, ಕೂಲಿಯವನ ಕೂಲಿ ಅವತ್ತಿಂದವತ್ತೇ ಹೊತ್ತು ಮುಳುಗೋದರೊಳಗೆ ಕೊಟ್ಟುಬಿಡು, ಅವನು ಬಡವ, ಅದರ ಮೇಲೇ ಆಸೆ ಇಟ್ಟುಕೊಂಡಿದ್ದಾನೆ ಅಂತ ಇದೆ.

ನನ್ನ ಹತ್ರ ಮೂರು ಜನ ಹುಡುಗರು ಕೆಲಸ ಮಾಡ್ತಾರೆ. ಶನಿವಾರ ಬಟವಾಡೆ. ಗಿರಾಕಿ ದುಡ್ಡು ಬಂದಿಲ್ಲ ಅಂತ ಹೇಳ್ಕೊಂಡು ನಾನು ಅವರಿಗೆ ನಾಲ್ಕು ವಾರದಿಂದ ಅರ್ಧ ಕೊಡ್ತಾ ಇದ್ದೆ, ಉಳಿದಿದ್ದು ಮುಂದಿನ ವಾರ, ಮುಂದಿನ ವಾರ ಅಂತ. ಪಾಲಿಶ್ ಕೆಲಸದ ಹುಡುಗ ಒಂದು ಶನಿವಾರ ಏನೂ ಕೇಳದೆ ಸೈಕಲ್ ಹಿಡ್ಕೊಂಡು ಗೇಟ್ ಹತ್ರ ಸುಮ್ನೆ ನಿಂತಿದ್ದ, ಏನೋ ಅಂದ್ರೆ ಏನಿಲ್ಲ ಅಣ್ಣ ಅಂದು ಹೋದ. ಆ ಮುಖ ನನಗೆ ಆ ಪುಟದಲ್ಲಿ ಕಾಣ್ತು. ಆಮೇಲೆ ಏಳನೇ ವಾಕ್ಯಾನ ಮತ್ತೆ ಓದಿದೆ, ಅದು ಹಾಗಿರುವಾಗ ಸಹೋದರರೇ ತಾಳ್ಮೆಯಿಂದಿರಿ ಅನ್ನೋ ಧಾಟೀಲಿ ಮೇಲಿನ ಮಾತಿಗೆ ಸೇರ್ಕೊಂಡೇ ಬರುತ್ತೆ. ಅಂದ್ರೆ ಆ ತಾಳ್ಮೆಯ ಮಾತು ಮೊದಲು ಹೇಳಿದ್ದು ಕೂಲಿ ಸಿಗದೆ ಕಾಯ್ತಿರೋರಿಗೆ. ನಾನು ನನಗೆ ಅಂತ ಇಟ್ಕೊಂಡಿದ್ದ ಸಮಾಧಾನ ನಿಜವಾಗಿ ಆ ಮೂರು ಹುಡುಗರದ್ದು, ನನಗೆ ಅಂತ ಇದ್ದಿದ್ದು ನಾಲ್ಕನೇ ವಾಕ್ಯ.

ಸೋಮವಾರ ನನ್ನ ಹಳೇ ಪ್ಲೇನರ್ ಮಷೀನ್ ಮಾರಿ ಮೂರೂ ಜನಕ್ಕೆ ಬಾಕಿ ಪೂರ್ತಿ ಕೊಟ್ಟೆ, ತಡ ಮಾಡಿದ್ದು ನನ್ನದು ತಪ್ಪು ಅಂತ ಹೇಳ್ದೆ. ಅಷ್ಟೇ ನಡೆದಿದ್ದು. ಗಿರಾಕಿ ದುಡ್ಡು ಮಾರನೇ ದಿನ ಬಂತು ಅಂತೇನಿಲ್ಲ, ಇನ್ನೂ ಮೂರು ತಿಂಗಳಾಯ್ತು. ಈಗ ಶನಿವಾರ ಸಂಜೆ ಐದಕ್ಕೇ ಬಟವಾಡೆ, ಹೊತ್ತಿರುವಾಗಲೇ.

ಹಾಗಂತ ಈ ಬೈಬಲ್ ಓದಿದ್ರೆ ಬರೀ ಏಟು ಬೀಳುತ್ತೆ ಅಂತ ಅಂದ್ಕೋಬೇಡಿ. ಅದೇ ದಿನಗಳಲ್ಲಿ ನಾನು ಒಂದು ವಾರ ವರ್ಕ್‌ಶಾಪ್ ಕಡೆ ತಲೆ ಹಾಕದೆ ಮಲಗಿಬಿಟ್ಟಿದ್ದೆ, ಯಾರ ಫೋನೂ ತೆಗೀತಿರ್ಲಿಲ್ಲ. ಹೆಂಡತಿ ಏನೂ ಉಪದೇಶ ಮಾಡ್ಲಿಲ್ಲ, ಬಿಸಿ ಮುದ್ದೆ, ಉಪ್ಸಾರು ತಂದಿಟ್ಟು, ರೀ ಎದ್ದು ಇಷ್ಟು ತಿನ್ನಿ ಸಾಕು, ಅಂದ್ಲು. ಅವತ್ತು ಅಮ್ಮ ಓದಿಸಿದ್ದು 1 ಅರಸುಗಳು 19. ಎಲೀಯ ಅನ್ನೋ ಪ್ರವಾದಿ ಒಂದು ಗಿಡದ ಕೆಳಗೆ ಬಿದ್ಕೊಂಡು ಸಾಕು ದೇವರೇ ಪ್ರಾಣ ತಗೋ ಅಂತಾನೆ. ದೇವದೂತ ಬಂದು ಬಯ್ಯಲ್ಲ, ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು, ಎದ್ದು ತಿನ್ನು ಅಂತಾನೆ. ತಿಂದು ಮತ್ತೆ ಮಲಗ್ತಾನೆ, ಎರಡನೇ ಸಲ ಎಬ್ಬಿಸಿ ಮತ್ತೆ ತಿನ್ನಿಸ್ತಾನೆ, ದಾರಿ ದೂರ ಇದೆ ಅಂತ. ನಾನು ಮುದ್ದೆ ತಟ್ಟೆ ನೋಡಿದೆ, ಕಣ್ಣು ತುಂಬಿಬಂತು. ಪ್ರಶ್ನೆ ಬರೋದು ಆಮೇಲೆ, ಹೋರೇಬ್ ಬೆಟ್ಟದಲ್ಲಿ, ಎಲೀಯನೇ ಇಲ್ಲೇನು ಮಾಡ್ತಿದ್ದೀಯ ಅಂತ, ಅದೂ ಎರಡು ಸಲ. ಕೊನೇಲಿ ಬಂದ ದಾರೀಲೇ ವಾಪಸ್ ಹೋಗು ಕೆಲಸ ಇದೆ, ನೀನೊಬ್ಬನೇ ಅಲ್ಲ ಇನ್ನೂ ಏಳು ಸಾವಿರ ಜನ ಇದ್ದಾರೆ ಅಂತ. ಮೊದಲು ಊಟ, ನಿದ್ದೆ, ಆಮೇಲೆ ಪ್ರಶ್ನೆ, ಆಮೇಲೆ ಕೆಲಸ. ಯಾರಿಗಾದ್ರೂ ಧೈರ್ಯ ಹೇಳೋಕೆ ಹೋಗುವಾಗ ಈ ಕ್ರಮ ನನಗೆ ಈಗ ನೆನಪಾಗುತ್ತೆ.

ಕೀರ್ತನೆ 88 ಕೂಡ ಹೇಳ್ಬೇಕು. ಅದು ಕತ್ತಲಲ್ಲೇ ಮುಗಿಯುತ್ತೆ, ಕೊನೇಲಿ ಒಂದು ಸಮಾಧಾನದ ಮಾತೂ ಇಲ್ಲ. ಯಾವ ಕಾರ್ಡಲ್ಲೂ ನಾನು ಅದನ್ನ ನೋಡಿಲ್ಲ. ಅಪ್ಪ ತೀರಿಕೊಂಡ ವರ್ಷ ತಾನು ಅದನ್ನೇ ದಿನಾ ಓದ್ತಿದ್ದೆ ಅಂತ ಅಮ್ಮ ನನಗೆ ಹೇಳಿದ್ದು ಈಗ, ಈ ಬೈಬಲ್ ಬಂದ ಮೇಲೆ.

ಫೋನ್ ಆಪ್ ಜೊತೆ ಹೋಲಿಸಿದ್ರೆ, ಆಪ್ ಫ್ರೀ, ಒಂದು ಪದ ಹಾಕಿದ್ರೆ ಎಲ್ಲೆಲ್ಲಿದೆ ಅಂತ ತೋರ್ಸುತ್ತೆ, ಬಸ್ಸಲ್ಲಿ ಆಡಿಯೋ ಕೇಳ್ಬಹುದು, ಹಳೇ ಅನುವಾದ ಅರ್ಥ ಆಗದಿದ್ರೆ ಸಮಕಾಲಿಕ ಅನುವಾದ ಪಕ್ಕದಲ್ಲೇ ಇಟ್ಟು ನೋಡ್ಬಹುದು. ಮಗಳು ಹಾಗೇ ಮಾಡ್ತಾಳೆ, ಅವಳಿಗೆ ಆದದರಿಂದ, ಕೊರತೆಪಡೆನು ಇವೆಲ್ಲ ಕಷ್ಟ. ಆದ್ರೆ ದಿನದ ವಚನ ಅಂತ ಬರೋದು ಒಂದೇ ವಾಕ್ಯ, ಹೂವಿನ ಫೋಟೋ ಮೇಲೆ. ಅವಳ ಪರೀಕ್ಷೆ ರಟ್ಟಿನ ಮೇಲೆ ಫಿಲಿಪ್ಪಿ 4:13 ಬರ್ಕೊಂಡಿದ್ಲು, ನನ್ನನ್ನು ಬಲಪಡಿಸುವಾತನಲ್ಲಿದ್ದುಕೊಂಡು ಎಲ್ಲಕ್ಕೂ ಶಕ್ತನಾಗಿದ್ದೇನೆ ಅಂತ. ಪುಸ್ತಕದಲ್ಲಿ ಮೇಲಿನ ಸಾಲು ಓದಿಸಿದೆ, ಪೌಲ ಬೇಡಿ ಹಾಕಿಸ್ಕೊಂಡು ಬರೆದಿದ್ದು, ಹೊಟ್ಟೆ ತುಂಬಿದ್ರೂ ಹಸಿದಿದ್ರೂ ಇರೋದು ಕಲ್ತಿದ್ದೀನಿ ಅಂತ. ಹಾಗಾದ್ರೆ ಮಾರ್ಕ್ಸ್ ಕಡಿಮೆ ಬಂದ್ರೂ ಈ ವಚನ ನಡೆಯುತ್ತೆ ಅಲ್ವಾ ಅಪ್ಪ, ಅಂದ್ಲು. ನಡೆಯುತ್ತೆ ಅಂದೆ.

ಹಳೇ ಅನುವಾದವೇ ಯಾಕೆ ಅಂತ ಕೇಳೋರಿಗೆ, ನಮ್ಮ ಬಾಯಲ್ಲಿ, ಪ್ರಾರ್ಥನೇಲಿ ಇರೋ ಮಾತೇ ಅದು. ಬಳ್ಳಾರೀಲಿ ಜಾನ್ ಹ್ಯಾಂಡ್ಸ್ ಅನ್ನೋ ಮಿಷನರಿ ಮತ್ತೆ ಜೊತೆಗಿದ್ದವರು ವರ್ಷಗಟ್ಟಲೆ ಕೂತು 1831ರ ಹೊತ್ತಿಗೆ ಪೂರ್ತಿ ಬೈಬಲ್ ಕನ್ನಡಕ್ಕೆ ತಂದ್ರು, ಆಮೇಲೆ ಬಾಸೆಲ್ ಮಿಷನ್ನಿನವರೂ ತಿದ್ದುವ ಕೆಲಸದಲ್ಲಿ ಕೈ ಹಾಕಿದ್ರು. ಅಮ್ಮನಿಗೆ "ಯೆಹೋವನು ನನಗೆ ಕುರುಬನು, ಕೊರತೆಪಡೆನು" ಅನ್ನೋದನ್ನ ಬೇರೆ ಮಾತಲ್ಲಿ ಓದಿದ್ರೆ ಅದು ಅವರ ಕೀರ್ತನೆಯೇ ಅಲ್ಲ. ಹೊಸದಾಗಿ ಓದೋಕೆ ಶುರು ಮಾಡೋರು, ಚಿಕ್ಕ ಮಕ್ಕಳು, ಸರಳ ಕನ್ನಡದ್ದು ತಗೊಳ್ಳಿ, ಅದರಲ್ಲಿ ಯಾವ ಕೊರತೆಯೂ ಇಲ್ಲ.

ಎಷ್ಟು ಓದೋದು ಅಂತ ಕೇಳಿದ್ರೆ, ಬೈಬಲಲ್ಲಿ ಒಟ್ಟು 1189 ಅಧ್ಯಾಯ, ಒಂದೇ ವರ್ಷದಲ್ಲಿ ಮುಗಿಸ್ಬೇಕು ಅಂದ್ರೆ ದಿನಕ್ಕೆ ಮೂರಕ್ಕಿಂತ ಜಾಸ್ತಿ ಆಗುತ್ತೆ. ನಾನು ಹಿಂದೆ ಎರಡು ಸಲ ಶುರು ಮಾಡಿ ಯಾಜಕಕಾಂಡದಲ್ಲಿ ಬಿಟ್ಟಿದ್ದೆ. ಈ ಸಲ ಹೊಸ ಒಡಂಬಡಿಕೆ ಮಾತ್ರ, 260 ಅಧ್ಯಾಯ, ವಾರಕ್ಕೆ ಐದು ದಿನ ಒಂದೊಂದು ಓದಿದ್ರೆ 52 ವಾರಕ್ಕೆ ಸರಿಯಾಗಿ ಮುಗಿಯುತ್ತೆ. ಶನಿವಾರ, ಭಾನುವಾರ ಪಕ್ಕದ ಕಾಲಂ ಹಿಡ್ಕೊಂಡು ಹಳೇ ಒಡಂಬಡಿಕೆಗೆ ಹೋಗೋದು. ದುಡಿಯೋ ಮನೆಗಳಿಗೆ ಇದು ಸಾಧ್ಯ ಆಗೋ ಲೆಕ್ಕ. ಜೋರಾಗಿ ಓದಿ, ಒಬ್ಬರು ಓದಿ ಇನ್ನೊಬ್ಬರು ಕೇಳಿ, ಅರ್ಥ ಆಗದಿದ್ದ ಕಡೆ ಪೆನ್ಸಿಲಲ್ಲಿ ಗೀಟು ಹಾಕಿ ನಿಮ್ಮ ಚರ್ಚಿನ ಅಯ್ಯನವರನ್ನ ಕೇಳಿ. ಪೆನ್ ಬೇಡ, ಕಾಗದ ತೆಳು, ಇಂಕು ಆಚೆ ಬರುತ್ತೆ.

ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ಒಂದು ಕಳೆದಿದ್ದು ಆ ರೆಫರೆನ್ಸ್ ಕಾಲಂನ ಅಕ್ಷರಕ್ಕೆ, ವಾಕ್ಯ ದಪ್ಪಕ್ಷರದಲ್ಲಿ ಹಾಕಿ ಪಕ್ಕದಲ್ಲಿರೋದನ್ನ ಇರುವೆ ಸಾಲಿನ ಹಾಗೆ ಹಾಕಿದ್ದಾರೆ, ವಯಸ್ಸಾದವರಿಗೆ ಅಂತಲೇ ಮಾಡಿದ ಪುಸ್ತಕದಲ್ಲಿ ಹೀಗಾಗಬಾರದಿತ್ತು, ಮುಂದಿನ ಮುದ್ರಣದಲ್ಲಿ ದಯವಿಟ್ಟು ದೊಡ್ಡದು ಮಾಡಲಿ. ಅಮ್ಮ ಈಗ ಕನ್ನಡಕ ಒಂದರಲ್ಲೇ ಓದ್ತಾರೆ. ಅವರ ಭೂತಗನ್ನಡಿ ನನ್ನ ಹತ್ರ ಬಂದಿದೆ, ಆ ಕಾಲಂ ಓದೋಕೆ.